ಮಾವಾರ, ಆ ಕಡಿ ತಿರುಗ್ರಿ!

ಎಪ್ಪತ್ತು ದಾಟಿದ ಗಂಡಸಿಗೆ ಮನೆಯಲ್ಲಿ ಉಳಿಯುವ ಕೆಲಸ ಮೂರೇ. ಪೇಪರ್ ಓದುವುದು, ಗುಳಿಗೆ ನುಂಗುವುದು, ಕಸ ಗುಡಿಸುವವರಿಗೆ ಅಡ್ಡವಾಗಿ ಕೂರುವುದು. ಈ ಮೂರನ್ನೂ ನಾನು ಶ್ರದ್ಧೆಯಿಂದ ಮಾಡುತ್ತೇನೆ. ಆದರೂ ಹೊತ್ತು ಉಳಿಯುತ್ತದೆ. ಉಳಿದ ಹೊತ್ತಿನಲ್ಲಿ ಚೇಷ್ಟೆ ಮಾಡುತ್ತೇನೆ. ಇದನ್ನು ತಪ್ಪೊಪ್ಪಿಗೆ ಅಂತ ತಿಳಿಯಬೇಡಿ, ಪರಿಚಯ ಅಂತ ತಿಳಿಯಿರಿ. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ‘ಕಂಡಕ್ಟರ್ ಕಾಕಾನ ಮನಿ ಎಲ್ಲೈತ್ರಿ?’ ಎಂದು ಕೇಳಿ ನೋಡಿ. ದಾರಿ ತೋರಿಸುವ ಮೊದಲು ಪ್ರತಿಯೊಬ್ಬರೂ ನಾನು ಅವರಿಗೆ ಮಾಡಿದ ಒಂದೊಂದು ಚೇಷ್ಟೆ ಹೇಳಿಯೇ ಮುಂದಕ್ಕೆ ಬಿಡುತ್ತಾರೆ. ನೀವು ನಮ್ಮ ಮನೆ ಮುಟ್ಟುವಷ್ಟರಲ್ಲಿ ನನ್ನ ಜೀವನಚರಿತ್ರೆ ಮುಗಿದಿರುತ್ತದೆ. ನಾನು ಚಹಾ ಕೊಟ್ಟರೆ ಸಾಕು.

ಗಜೇಂದ್ರಗಡ, ರೋಣ, ನರಗುಂದ ಅಂತ ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು. ಒಂದು ದಿನ ಸುಮ್ಮನೆ ಬೇಸರವಾಗಿ, ರೋಣಕ್ಕೆ ಹೋಗುವ ಬಸ್ಸಿಗೆ ಮುಂಬೈ ಬೋರ್ಡು ಹಾಕಿಬಿಟ್ಟೆ. ಜನ ಬಾಗಿಲಿಗೆ ಬಂದು, ಬೋರ್ಡು ನೋಡಿ, ನನ್ನ ಮುಖ ನೋಡಿ, ಮತ್ತೆ ಬೋರ್ಡು ನೋಡಿ ತಲೆ ಕೆರೆದುಕೊಳ್ಳುತ್ತಿದ್ದರು. ಒಬ್ಬ ಮುದುಕಿ ಮಾತ್ರ ಗಂಟು ಬಗಲಲ್ಲಿಟ್ಟುಕೊಂಡು ನೆಟ್ಟಗೆ ಹತ್ತಿ ಕೂತಳು. ‘ಯಮ್ಮಾ, ಮುಂಬೈಗಿ ಹೋಗ್ತೈತಿ, ಮೂರು ದಿನದ ಬುತ್ತಿ ಕಟಗೊಂಡೀಯೇನು?’ ಅಂದೆ. ಆಕೆ ಮಾತಾಡಲಿಲ್ಲ. ರೋಣ ಬಂತು. ಇಳಿದು ಸುತ್ತಮುತ್ತ ನೋಡಿ, ‘ಅಯ್ಯ, ನಿಮ್ಮ ಮುಂಬೈ ಇಷ್ಟ ಏನೋ ಯಪ್ಪಾ? ಇದಕ್ಕಿಂತ ನಮ್ಮ ರೋಣ ಚಲೋ’ ಅಂದವಳೇ ಮಗಳ ಮನೆ ಕಡೆ ನಡೆದಳು. ನನ್ನನ್ನು ಮೀರಿಸಿದವರು ಈ ಸೀಮೆಯಲ್ಲಿ ಇಬ್ಬರೇ. ಒಬ್ಬಳು ಆ ಮುದುಕಿ. ಇನ್ನೊಬ್ಬಳು ನಮ್ಮ ಸೊಸೆ ಗಿರಿಜಾ. ಇವತ್ತಿನ ಮಾತು ಅವಳದ್ದು.

ಗಿರಿಜಾ ನಮ್ಮ ಮನೆಗೆ ಬಂದು ಇಪ್ಪತ್ತು ವರ್ಷವಾಯಿತು. ತವರುಮನೆ ಕೊಣ್ಣೂರು, ಮಲಪ್ರಭೆಯ ದಂಡೆ. ನನ್ನ ಮಗ ಈರಣ್ಣ ಗುಡ್ಡದ ಮೇಲಿನ ಗಾಳಿಯಂತ್ರಗಳ ರಿಪೇರಿ ಕೆಲಸದವನು. ಮುಂಜಾನೆ ಹೋದರೆ ಸಂಜೆಗೇ ಬರುವವನು. ಮೊಮ್ಮಗಳು ಕಾಲೇಜಿಗೆಂದು ಹಾಸ್ಟೆಲ್ ಸೇರಿದ ಮೇಲೆ ಗಿರಿಜಾ ನೇಕಾರರ ಮನೆಗಳಿಗೆ ಕಂಡಿಕೆಯೆಂಬ ಸಣ್ಣ ಕೊಳವೆಗೆ ನೂಲು ಸುತ್ತಿಕೊಡುತ್ತ ಒಳಮನೆಯಲ್ಲೇ ಕೂತಿರುತ್ತಿದ್ದಳು. ರಾಟಿಯ ಸದ್ದು ಕೇಳುತ್ತಿತ್ತೇ ಹೊರತು ಅವಳ ಸದ್ದಿಲ್ಲ. ನಾನು ಎದುರಿಗೆ ಬಂದರೆ ಎಡಗೈ ತಾನಾಗಿ ಮೇಲೆ ಹೋಗಿ ಸೆರಗನ್ನು ತಲೆಯ ಮೇಲೆ ಎಳೆಯುತ್ತಿತ್ತು. ‘ಹೂಂರಿ’, ‘ಇಲ್ರಿ’, ‘ಬಡಿಸ್ಲೇನ್ರಿ’, ‘ಬಂದಾರ್ರಿ’, ಹತ್ತೊಂಬತ್ತು ವರ್ಷ ಈ ನಾಲ್ಕು ಮಾತಿನಲ್ಲಿ ನಮ್ಮ ಮಾವ ಸೊಸೆಯ ಸಂಸಾರ ಸಾಗಿತ್ತು. ‘ದೇವರು ನಮ್ಮ ಗಿರಿಜವ್ವಗ ಬಾಯಿ ಕೊಡೂದು ಮರತಾನ, ಆ ಬಾಯಿ ಅಡ್ರೆಸ್ ತಪ್ಪಿ ನನಗ ಬಂದೈತಿ’ ಎಂದು ಬಂದವರಿಗೆಲ್ಲ ನಾನು ಹೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಒಳಗೆ ರಾಟಿ ಒಂದು ಕ್ಷಣ ನಿಂತು ಮತ್ತೆ ತಿರುಗುತ್ತಿತ್ತು.

ಬಾಯಿಲ್ಲದಿದ್ದರೂ ಕೈ ಇತ್ತು. ಅದೇನು ಕೈ ಮಾರಾಯರೇ! ತುಂಬಿದ ಗ್ಯಾಸ್ ಸಿಲಿಂಡರನ್ನು ಗ್ಯಾಸಿನವನು ಕೆಳಗೇ ಇಳಿಸಿ ಹೋದರೆ, ಅದನ್ನು ಸೊಂಟಕ್ಕೆ ಕೂಸಿನ ಹಾಗೆ ಒತ್ತಿಕೊಂಡು ಹನ್ನೊಂದು ಮೆಟ್ಟಿಲು ಹತ್ತಿ ಬಂದು, ಉಸಿರೂ ಬಿಡದೆ ರೊಟ್ಟಿ ಬಡಿಯಲು ಕೂರುತ್ತಿದ್ದಳು. ನಾನೂ ಒಮ್ಮೆ ಯಾರೂ ಇಲ್ಲದಾಗ ಆ ಸಿಲಿಂಡರನ್ನು ಅಲ್ಲಾಡಿಸಿ ನೋಡಿದೆ. ಅದು ಅಲ್ಲಾಡಲಿಲ್ಲ, ನಾನು ಅಲ್ಲಾಡಿದೆ. ಹಾಗಂತ ನನ್ನನ್ನು ಕಡಿಮೆ ಎಣಿಸಬೇಡಿ. ಹರೆಯದಲ್ಲಿ ಗರಡಿಮನೆಯ ಗುಂಡುಕಲ್ಲನ್ನು ಏಳು ಸಲ ಎತ್ತಿದ ಮನುಷ್ಯ ನಾನು. ಈ ಮಾತು ಬಂದಾಗೆಲ್ಲ ನನ್ನ ಹೆಂಡತಿ ಶಾಂತವ್ವ ಅಡುಗೆಮನೆಯಿಂದಲೇ ಕೂಗುತ್ತಾಳೆ: ‘ಎತ್ತಿದವರು ಇವರ ಅಣ್ಣಾರು. ಇವರು ಎಣಿಸಿದ್ರು.’ ಎಣಿಸುವುದೂ ಒಂದು ಕೆಲಸವೇ. ಏಳು ಅಂತ ಗೊತ್ತಾದದ್ದು ಯಾರಿಂದ?

ಕಳೆದ ವರ್ಷ ನಮ್ಮ ಊರಿನಲ್ಲಿ ಹೊಸದೊಂದು ಜಿಮ್ ಆಯಿತು. ಅದರ ಉದ್ಘಾಟನೆಗೆ ಹೆಣ್ಣುಮಕ್ಕಳ ಫಿಟ್‌ನೆಸ್ ಸ್ಪರ್ಧೆ ಇಟ್ಟಿದ್ದರು. ಚಹಾದಂಗಡಿಯಲ್ಲಿ ಕೂತಿದ್ದಾಗ ಜಿಮ್ಮಿನ ಮಾಲೀಕ ಫಾರಂ ಹಿಡಿದು, ‘ಕಾಕಾರ, ಊರಾಗ ಒಬ್ಬಾಕಿನೂ ಹೆಸರು ಕೊಡವಲ್ಲರಿ. ಬರೇ ಹೊರಗಿನ ಊರಿನವರ ಹೆಸರ ಬಂದಾವು’ ಎಂದು ಅತ್ತ. ನನ್ನೊಳಗಿನ ಹಳೆಯ ಕಂಡಕ್ಟರ್ ಎದ್ದು ಕೂತ. ಫಾರಂ ಇಸಿದುಕೊಂಡು ಗಿರಿಜಾಳ ಹೆಸರು, ವಯಸ್ಸು, ಓಣಿ ಎಲ್ಲ ಬರೆದು, ‘ಹಿಂದಿನ ಅನುಭವ’ ಅನ್ನುವ ಜಾಗದಲ್ಲಿ ‘ಸಿಲಿಂಡರ್’ ಎಂದು ಬರೆದುಕೊಟ್ಟೆ. ಬೇರೇನೂ ಇಲ್ಲ, ಆಟೋದ ಮೈಕಿನಲ್ಲಿ ಅವಳ ಹೆಸರು ಓಣಿಯಲ್ಲಿ ಕೂಗಬೇಕು, ಮನೆಯಲ್ಲಿ ಗದ್ದಲವಾಗಬೇಕು, ನಾನು ಕಟ್ಟೆಯ ಮೇಲೆ ಕೂತು ನೋಡಬೇಕು. ಇಷ್ಟೇ ನನ್ನ ಬಡ ಆಸೆ.

ಆಟೋ ಬಂತು. ‘ನಮ್ಮ ಊರಿನ ಹೆಮ್ಮೆಯ ಕ್ರೀಡಾಪಟು ಶ್ರೀಮತಿ ಗಿರಿಜಾ’ ಎಂದು ಕೂಗಿಯೇ ಕೂಗಿತು. ಗಿರಿಜಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದವಳು ಬಾಗಿಲಲ್ಲಿ ಕಲ್ಲಾಗಿ ನಿಂತಳು. ಎದುರು ಮನೆಯವರೆಲ್ಲ ಕಿಟಕಿಗೆ ಬಂದರು. ಅವಳ ಕಣ್ಣು ತುಂಬಿದ್ದು ನೋಡಿ ನನ್ನ ನಗು ಅರ್ಧಕ್ಕೇ ನಿಂತಿತು. ಶಾಂತವ್ವ ಲಟ್ಟಣಿಗೆ ಹಿಡಿದು ಬಂದಳು. ‘ವಯಸ್ಸಾತು, ಹಲ್ಲು ಹೋದ್ವು, ಬುದ್ಧಿ ಯಾವಾಗ ಬರತೈತ್ರಿ ನಿಮಗ? ನಾಳಿ ಹೋಗಿ ಹೆಸರು ತಗಸ್ರಿ!’

ರಾತ್ರಿ ಊಟಕ್ಕೆ ಕೂತೆವು. ನಾನು ಹೆಸರು ತೆಗೆಸುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಒಂದು ದನಿ ಬಂತು. ಮೊದಲು ಯಾರದೆಂದು ಗೊತ್ತಾಗಲಿಲ್ಲ.

‘ಮಾವಾರ... ಅದರಾಗ ಏನೇನ ಎತ್ತಬೇಕಾಗತೈತ್ರಿ?’

ಶಾಂತವ್ವನ ಕೈಯಲ್ಲಿದ್ದ ಸೌಟು ಸಾರಿನಲ್ಲಿ ಮುಳುಗಿತು. ನಾನು ಹತ್ತೊಂಬತ್ತು ವರ್ಷಗಳಲ್ಲಿ ಕೇಳಿದ ಐದನೆಯ ಮಾತು ಅದು. ಆಮೇಲೆ ಈರಣ್ಣನಿಂದ ತಿಳಿಯಿತು, ಕೊಣ್ಣೂರಿನ ಸಾಲೆಯಲ್ಲಿ ಅವಳು ಖೋಖೋ ಆಡುವಾಗ ಅವಳನ್ನು ಮುಟ್ಟಿದವರೇ ಇರಲಿಲ್ಲವಂತೆ. ಪಿ.ಟಿ. ಟೀಚರ್ ಆಗಬೇಕು ಅಂತಿದ್ದಳಂತೆ. ‘ನಿನಗ ಮೊದಲ ಗೊತ್ತಿತ್ತೇನೋ?’ ಅಂದೆ. ‘ಗೊತ್ತಿತ್ತಪಾ. ನೀ ಕೇಳಿದ್ದಿಲ್ಲ’ ಅಂದ. ನನ್ನ ಮಗ ಮಾತಾಡುವುದು ಕಡಿಮೆ. ಆಡಿದರೆ ಹೀಗೆ.

ಸ್ಪರ್ಧೆಯ ದಿನ ಸಾಲೆಯ ಮೈದಾನ ತುಂಬಿತ್ತು. ಗಿರಿಜಾ ಇಳಕಲ್ ಸೀರೆಯ ಕಚ್ಚೆ ಹಾಕಿ ಬಂದಿದ್ದಳು. ಜೋಳದ ಚೀಲ ಹೊತ್ತು ಓಡುವ ಸುತ್ತಿನಲ್ಲಿ ಉಳಿದವರೆಲ್ಲ ಚೀಲ ಹೊತ್ತರೆ ಇವಳು ಚೀಲವನ್ನು ಎಳೆದುಕೊಂಡು ಹೋಗುವ ಗಾಳಿಯ ಹಾಗೆ ಹೋದಳು. ಕೊನೆಯ ಸುತ್ತಿಗೆ ಇಬ್ಬರೇ ಉಳಿದರು, ಇವಳು ಮತ್ತು ರೋಣದ ಒಬ್ಬ ಕಾಲೇಜು ಹುಡುಗಿ. ಎರಡೂ ಕೈಗಳಲ್ಲಿ ಐದೈದು ಕಿಲೋ ಕಬ್ಬಿಣ ಹಿಡಿದು, ಕೈ ಅಗಲಿಸಿ ನಿಲ್ಲಬೇಕು. ಮೊದಲು ಕೈ ಇಳಿಸಿದವರು ಸೋತಂತೆ. ಹುಡುಗಿಯ ತೋಳು ನಡುಗತೊಡಗಿತು. ಗಿರಿಜಾಳದ್ದು ಗಾಳಿಯಿಲ್ಲದ ದಿನ ಗುಡ್ಡದ ಮೇಲೆ ನಿಂತ ಗಾಳಿಯಂತ್ರದ ರೆಕ್ಕೆಯ ಹಾಗೆ ಸ್ಥಿರ. ನಾನು ಹಿಂದೆ ಕೂತಿದ್ದವನು, ಕೂರಲಾರದೆ ಜನರನ್ನು ಸೀಳಿಕೊಂಡು ಮುಂದೆ ಬಂದು, ಅವಳ ಎದುರಿಗೇ ನಿಂತು, ‘ಶಭಾಷ್ ಗಿರಿಜವ್ವಾ! ಬಿಡಬ್ಯಾಡ!’ ಎಂದು ಕೂಗಿದೆ.

ಅವಳು ನನ್ನನ್ನು ನೋಡಿದಳು. ಅದೇ ಹೊತ್ತಿಗೆ ಗುಡ್ಡದ ಗಾಳಿ ಬೀಸಿ ಸೆರಗು ತಲೆಯಿಂದ ಜಾರಿತು. ಎದುರಿಗೆ ಮಾವ. ಎಡಗೈಯ ಕಬ್ಬಿಣ ‘ಧಡ್’ ಎಂದು ಕೆಳಗೆ ಬಿತ್ತು. ಕೈ ಮೇಲೆ ಹೋಯಿತು. ಸೆರಗು ಸರಿಯಾಯಿತು. ಸ್ಪರ್ಧೆ ಮುಗಿಯಿತು.

ರೋಣದ ಹುಡುಗಿ ಗೆದ್ದಳು. ನಾನು ತೀರ್ಪುಗಾರರ ಹತ್ತಿರ ಹೋಗಿ ಸೋಲಿಗೆ ಗಾಳಿ ಕಾರಣ, ಗಾಳಿಯನ್ನೇ ಅನರ್ಹಗೊಳಿಸಿರಿ ಎಂದು ವಾದಿಸಿದೆ. ಅಲ್ಲಿದ್ದ ಒಬ್ಬ ಹೆಣ್ಣುಮಗಳು, ನರಗುಂದದಲ್ಲಿ ಹೆಣ್ಣುಮಕ್ಕಳ ವ್ಯಾಯಾಮ ಕೇಂದ್ರ ನಡೆಸುವ ಸುನಂದಾ ಮೇಡಂ, ನನ್ನ ಕಡೆ ನೋಡಿ, ‘ಗಾಳಿ ಅಲ್ರಿ ಕಾಕಾರ, ಗಾಳಿ ಬಂದಾಗ ಮುಂದ ನಿಂತವರು ಯಾರಿದ್ರು ನೋಡ್ರಿ’ ಎಂದರು. ಆಮೇಲೆ ಗಿರಿಜಾಳ ಕೈ ಹಿಡಿದು ಹೇಳಿದರು: ‘ಇನ್ನ ಎರಡು ತಿಂಗಳಿಗಿ ನರಗುಂದದಾಗ ನಮ್ಮ ಸ್ಪರ್ಧಾ ಐತಿ. ಗಜೇಂದ್ರಗಡದಾಗ ಒಂದು ಶಾಖೆ ಮಾಡೂದೈತಿ, ಅದಕ್ಕ ಕಲಿಸುವವರನ್ನ ಅದರಾಗ ಆರಸ್ತೀನಿ. ನೀವು ಬರಬೇಕು. ಆದ್ರ ಎತ್ತೂದು ಅರ್ಧಾ ಅಷ್ಟ. ಕಡೀ ಸುತ್ತಿನಾಗ ಮೈಕ್ ಹಿಡದು ಇಪ್ಪತ್ತು ಮಂದೀಗಿ ವ್ಯಾಯಾಮ ಹೇಳಿಕೊಡಬೇಕು. ಆಗತೈತೇನ್ರಿ?’

ಗಿರಿಜಾ ನೆಲ ನೋಡಿದಳು. ಆಗುತ್ತದೆ ಎನ್ನಲೂ ಒಂದು ಮಾತು ಬೇಕಲ್ಲ.

ಮನೆಗೆ ಬಂದು ಸಭೆ ಸೇರಿತು. ನನ್ನ ಸಲಹೆ ಸರಳವಾಗಿತ್ತು: ಸೆರಗಿಗೆ ಪಿನ್ನು ಹಚ್ಚುವುದು. ಶಾಂತವ್ವ ಅವಳ ಕೂದಲಿಗೂ ಸೆರಗಿಗೂ ಸೇರಿಸಿ ಆರು ಪಿನ್ನು ಚುಚ್ಚಿದಳು. ಭೂಕಂಪವಾದರೂ ಸೆರಗು ಅಲ್ಲಾಡದು. ಅಂಗಳದಲ್ಲಿ ಎರಡು ತುಂಬಿದ ಕೊಡ ಹಿಡಿದು ನಿಂತ ಅವಳ ಎದುರಿಗೆ ನಾನು ಪರೀಕ್ಷೆಗೆಂದು ಬಂದೆ. ಎಡಗೈಯ ಕೊಡ ಬಿತ್ತು. ಕೈ ತಲೆಗೆ ಹೋಯಿತು. ಸೆರಗು ಅಲ್ಲೇ ಇತ್ತು, ಪಾಪ.

‘ಜಾರಿಲ್ಲಲ್ಲವಾ, ಕೈ ಯಾಕ ಬಿಟ್ಟಿ?’ ಅಂದೆ.

‘ಕೈ ತಾನ ಹೋಗತೈತ್ರಿ’ ಎಂದಳು, ನೆಲಕ್ಕೆ.

‘ನಾನ ಹೇಳ್ತೀನಿ ಕೇಳು. ಇನ್ನ ಮ್ಯಾಲ ನನ್ನ ಮುಂದ ಸೆರಗು ಹೊದೀಬ್ಯಾಡ. ಇದು ಮಾವನ ಆರ್ಡರ್.’

‘ಹೂಂರಿ’ ಎಂದಳು. ಎನ್ನುತ್ತ ಸೆರಗು ಎಳೆದುಕೊಂಡಳು.

ಶಾಂತವ್ವ ಒದ್ದೆಯಾದ ಅಂಗಳ ಗುಡಿಸುತ್ತ ತೀರ್ಪು ಕೊಟ್ಟಳು: ‘ಸೆರಗು ಜಾರತೈತಿ ಅಂತ ಅಲ್ಲ ಕೈ ಹೋಗೂದು, ನೀವು ಕಾಣ್ತೀರಿ ಅಂತ. ಪಿನ್ನು ನಿಮಗ ಚುಚ್ಚಬೇಕು.’

ಹೀಗಾಗಿ ನಮ್ಮ ಮನೆಯಲ್ಲಿ ಲೋಕದಲ್ಲೇ ಎಲ್ಲೂ ಇಲ್ಲದ ತರಬೇತಿ ಶುರುವಾಯಿತು. ಅಂಗಳದಲ್ಲಿ ಸೊಸೆ, ಬಾಗಿಲ ಹಿಂದೆ ಗುರು. ನನ್ನ ಹಳೆಯ ಸೀಟಿ ಹುಡುಕಿ ತೆಗೆದೆ. ಒಂದು ಸೀಟಿಗೆ ಎತ್ತು, ಎರಡು ಸೀಟಿಗೆ ಇಳಿಸು. ಬಾಗಿಲ ಸಂದಿಯಿಂದ ನೋಡೋಣವೆಂದರೆ ಶಾಂತವ್ವ ಅದಕ್ಕೂ ಚಾದರ ನೇತುಹಾಕಿದ್ದಳು. ಮುಂಜಾನೆ ಗಿರಿಜಾ ಕೋಟೆ ಗುಡ್ಡ ಹತ್ತಿ ಇಳಿದು ಬರುತ್ತಿದ್ದಳು. ಮೊದಲ ವಾರ ಸೀರೆಯಲ್ಲಿ. ಎರಡನೆಯ ವಾರ ಈರಣ್ಣ ಸುಮ್ಮನೆ ಒಂದು ನೀಲಿ ಟ್ರ್ಯಾಕ್ ಪ್ಯಾಂಟು ತಂದು ಗೂಟಕ್ಕೆ ಸಿಗಿಸಿದ. ಅದು ಮೂರು ದಿನ ಅಲ್ಲೇ ತೂಗಾಡಿತು. ನಾಲ್ಕನೆಯ ದಿನ ಶಾಂತವ್ವ ಅದನ್ನು ಕೈಗೆ ತಗೊಂಡು ಎಳೆದು ನೋಡಿ, ‘ಅರಿವಿ ಗಟ್ಟಿ ಐತಿ. ಹಾಕ್ಕೋ ಯವ್ವಾ, ಗೂಟಕ್ಕಿಂತ ನಿನಗ ಚಂದ ಕಾಣತೈತಿ’ ಎಂದಳು. ನೋಡಿ, ಹೊಸ ಕಾಲ ನಮ್ಮ ಮನೆಗೆ ಬಂದದ್ದು ಹೀಗೆ, ಅರಿವೆಯ ಗಟ್ಟಿತನದ ಮೇಲೆ.

ಎತ್ತುವುದರ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಚಿಂತೆ ಎಲ್ಲ ದನಿಯದ್ದು. ‘ಒಂದು, ಎರಡು’ ಎಂದು ಜೋರಾಗಿ ಎಣಿಸಲು ಹೇಳಿದರೆ ಅಂಗಳದಲ್ಲಿ ಕಾಳು ಹೆಕ್ಕುವ ಗುಬ್ಬಿ ಕೂಡ ಕತ್ತೆತ್ತುತ್ತಿರಲಿಲ್ಲ. ಅವಳ ‘ಒಂದು’ ಬಾಗಿಲು ದಾಟಿ ನನ್ನ ಕಿವಿಗೆ ಬರುವಷ್ಟರಲ್ಲಿ ಅವಳು ಆರಕ್ಕೆ ಹೋಗಿರುತ್ತಿದ್ದಳು. ನಾನು ಬಾಗಿಲ ಈ ಕಡೆಯಿಂದ ಪಾಠ ಮಾಡಿದೆ: ‘ಹೊಟ್ಟಿಯಿಂದ ಕೂಗಬೇಕವಾ! ನಾ ಬಸ್ಸಿನಾಗ ರೋಣಾ ರೋಣಾ ಅಂತ ಕೂಗಿದ್ರ ನರಗುಂದದಾಗ ಮಂದಿ ಚೀಲ ಕಟ್ಟತಿದ್ರು!’ ಆ ಕಡೆಯಿಂದ ಬಹಳ ಹೊತ್ತಿನ ಮೇಲೆ ಶಾಂತವ್ವನ ದನಿ ಬಂತು: ‘ಆಕಿ ಗುಡ್ಡಾ ಹತ್ತಾಕ ಹೋಗಿ ಅರ್ಧಾ ತಾಸ ಆತು. ನೀವು ನನಗ ಕಲಸಾಕತ್ತೀರಿ.’

ಒಂದು ದಿನ ಅವಳು ಗಟ್ಟಿ ಮನಸ್ಸು ಮಾಡಿ ಅತ್ತೆಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ‘ಅತ್ತಿ, ಈ ಕೆಲಸ ಸಿಗಲಿಲ್ಲಂದ್ರ ನಾ ಮತ್ತ ಕಂಡಿಕಿ ಸುತ್ತತೀನಿ, ನನಗೇನು ಬ್ಯಾಸರಿಲ್ಲ. ಆದ್ರ ಒಮ್ಮಿ ಹೊರಗ ಬಂದು, ಬಾಯಿ ಬರಲಾರದಕ್ಕ ಮತ್ತ ಒಳಗ ಹೋದ್ನಿ ಅಂದ್ರ, ಆಮ್ಯಾಲ ಎಂದೂ ಬರಾಂಗಿಲ್ರಿ.’ ಆ ದಿನ ನಾನು ಸೀಟಿ ಊದಲಿಲ್ಲ.

ನರಗುಂದಕ್ಕೆ ನಾವೆಲ್ಲ ಬಸ್ಸಿನಲ್ಲೇ ಹೋದೆವು. ಕಂಡಕ್ಟರ್ ಹುಡುಗನಿಗೆ ಟಿಕೆಟ್ ಹರಿಯುವುದು ಹೇಗೆಂದು ಕಲಿಸಲು ಹೋದೆ. ಈಗ ಯಾರೂ ಹರಿಯುವುದಿಲ್ಲವಂತೆ, ಮಿಷನ್ನು ಬಂದಿದೆ. ಗುಡ್ಡದ ಬುಡದ ಮೈದಾನದಲ್ಲಿ ಪೆಂಡಾಲ್ ಹಾಕಿದ್ದರು. ನನ್ನನ್ನು ಕರೆತರಲು ಶಾಂತವ್ವ ಒಂದು ಕರಾರು ಹಾಕಿದ್ದಳು: ನಾನು ವೇದಿಕೆಗೆ ಬೆನ್ನು ಮಾಡಿ ಕೂರಬೇಕು. ಹಾಗೇ ಕೂತೆ. ಮೂವತ್ತು ವರ್ಷ ಎಲ್ಲರನ್ನೂ ಇಣುಕಿ ನೋಡಿದ ಮನುಷ್ಯ, ತನ್ನ ಮನೆಯ ಅತಿ ದೊಡ್ಡ ದಿನದಂದು ಕುರ್ಚಿ ತಿರುಗಿಸಿ ನರಗುಂದದ ಗುಡ್ಡ ನೋಡುತ್ತ ಕೂತಿದ್ದೆ. ಶಾಂತವ್ವ ಪಕ್ಕದಲ್ಲಿ ವೇದಿಕೆ ಕಡೆ ಮುಖ ಮಾಡಿ ವರದಿ ಕೊಡುತ್ತಿದ್ದಳು. ಅದೂ ಏನು ವರದಿ! ‘ಹಿಡದಾಳ.’ ‘ಇನ್ನೂ ಹಿಡದಾಳ.’ ‘ಹಿಡದ ನಿಂತಾಳ.’ ಇಷ್ಟೇ.

ಹಿಂದಿನ ಸಾಲಿನ ತಲೆಗೆ ಪಟಗ ಸುತ್ತಿದ ಒಬ್ಬ ಮನುಷ್ಯ ನನ್ನ ಭುಜ ತಟ್ಟಿದ. ‘ಅಜ್ಜಾರ, ಸ್ಟೇಜ್ ಆ ಕಡಿ ಐತ್ರಿ.’

‘ಗೊತ್ತೈತಿ ತಮ್ಮಾ. ನಾ ಗುಡ್ಡಾ ನೋಡಾಕತ್ತೀನಿ.’

‘ಗುಡ್ಡದಾಗ ಏನೈತ್ರಿ?’

‘ಅಯ್ಯ, ಗೊತ್ತಿಲ್ಲೇನು? ಮುಂದಿನ ಸುತ್ತಿನಾಗ ಗುಡ್ಡದ ಮ್ಯಾಲಿಂದ ಕಲ್ಲು ಹೊತ್ಕೊಂಡು ಇಳೀತಾರ. ಮೊದಲ ನೋಡಿದವರಿಗಿ ಚಲೋ ಕಾಣತೈತಿ.’

ಅವನು ಕುರ್ಚಿ ತಿರುಗಿಸಿದ. ಅವನ ಪಕ್ಕದವನೂ ತಿರುಗಿಸಿದ. ಸ್ವಲ್ಪ ಹೊತ್ತಿನಲ್ಲಿ ಹನ್ನೆರಡು ಮಂದಿ ಗಂಡಸರು ನನ್ನ ಜೊತೆ ಗುಡ್ಡ ನೋಡುತ್ತ ಕೂತಿದ್ದರು. ಒಬ್ಬ ‘ಅಗಾ, ಯಾರೋ ಕಾಣಾಕತ್ತಾರ!’ ಎಂದೂ ಹೇಳಿದ. ಆಡು ಇರಬೇಕು.

ಕೊನೆಯ ಸುತ್ತು ಬಂತು. ಮೈಕಿನಲ್ಲಿ ಗಿರಿಜಾಳ ಹೆಸರು ಕರೆದರು. ಮೈಕು ಕೈಯಿಂದ ಕೈಗೆ ಹೋಗುವ ಕಿರಕಿರ ಸದ್ದು. ಆಮೇಲೆ ಏನೂ ಇಲ್ಲ. ನಾನು ಕಾದೆ. ಶಾಂತವ್ವನ ವರದಿಯೂ ನಿಂತಿತು. ‘ಏನಾತ?’ ಅಂದೆ. ‘ಏನಾತ ಹೇಳಬಾರದೇನ?’ ಎಂದು ಅವಳನ್ನು ಮೊಣಕೈಯಿಂದ ತಿವಿದೆ. ಮೈದಾನದಲ್ಲಿ ಪಿಸುಪಿಸು ಶುರುವಾಯಿತು. ಯಾರೋ ಹುಡುಗಿ ಕಿಸಕ್ಕೆಂದಳು. ಇನ್ನು ತಡೆಯಲಾಗಲಿಲ್ಲ. ತಿರುಗಿದೆ.

ನೀಲಿ ಪ್ಯಾಂಟು, ಮೇಲೆ ಉದ್ದನೆಯ ಅಂಗಿ, ಬಿಗಿಯಾಗಿ ಕಟ್ಟಿದ ತುರುಬು. ಈಕೆ ನಮ್ಮ ಮನೆಯಲ್ಲಿ ಇರುವವಳೇ? ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ಹಣೆ ಪೂರ್ತಿ ನೋಡಿದೆ. ಎದುರಿಗೆ ಇಪ್ಪತ್ತು ಹೆಣ್ಣುಮಕ್ಕಳು ಸಾಲಾಗಿ ನಿಂತು ಅವಳ ಮಾತಿಗೆ ಕಾಯುತ್ತಿದ್ದರು. ಅವಳ ತುಟಿ ಅಲ್ಲಾಡುತ್ತಿತ್ತು, ದನಿ ಇಲ್ಲ. ಆಗ ಅವಳ ಕಣ್ಣು, ಗುಡ್ಡ ನೋಡುವ ಹನ್ನೆರಡು ಬೆನ್ನುಗಳ ನಡುವೆ ಒಂದೇ ಒಂದು ಮುಖವಾಗಿದ್ದ ನನ್ನ ಮೇಲೆ ಬಿತ್ತು.

ಎಡಗೈ ಎದ್ದಿತು. ಭುಜದವರೆಗೆ ಬಂತು. ತಲೆಯ ಮೇಲೆ ಎಳೆಯಲು ಏನೂ ಇರಲಿಲ್ಲ. ಕೈ ಅಲ್ಲೇ ನಿಂತಿತು. ಮುಖ ಕೆಂಪಾಯಿತು. ಆಮೇಲೆ ಆ ಕೈ ನಿಧಾನವಾಗಿ ಚಾಚಿ, ಒಂದು ಬೆರಳಾಗಿ, ನನ್ನ ಮೂಗಿನ ನೇರಕ್ಕೆ ಬಂತು.

‘ಮಾವಾರ! ಆ ಕಡಿ ತಿರುಗ್ರಿ!’

ಮೈಕಿನಿಂದ ಹೊರಟ ಆ ದನಿ ಗುಡ್ಡಕ್ಕೆ ಬಡಿದು ವಾಪಸ್ ಬಂತು. ನಾನು ಬಸ್ಸಿನಲ್ಲಿ ಕೂಗಿದ ಮೂವತ್ತು ವರ್ಷದ ಕೂಗೆಲ್ಲ ಅದರ ಮುಂದೆ ಪಿಸುಮಾತು. ನಾನು ಸೈನಿಕನ ಹಾಗೆ ತಿರುಗಿದೆ. ನಾನಷ್ಟೇ ಅಲ್ಲ. ಎದುರಿಗೆ ನಿಂತ ಇಪ್ಪತ್ತು ಹೆಣ್ಣುಮಕ್ಕಳೂ, ಇದೇ ವ್ಯಾಯಾಮದ ಮೊದಲ ಪಾಠವೆಂದು ತಿಳಿದು, ಒಮ್ಮೆಲೇ ಆ ಕಡೆ ತಿರುಗಿದರಂತೆ!

ಆಮೇಲೆ ಏನಾಯಿತೆಂದು ನಾನು ನೋಡಲಿಲ್ಲ, ನೋಡುವ ಧೈರ್ಯ ಯಾರಿಗಿತ್ತು, ಕೇಳಿದೆ ಅಷ್ಟೇ. ತಾನು ಹೇಳಿದರೆ ಇಪ್ಪತ್ತು ಮಂದಿ ತಿರುಗುತ್ತಾರೆ ಎಂಬುದು ಅವಳಿಗೆ ಆಗ ಗೊತ್ತಾಗಿರಬೇಕು.

‘ಹಾಂ. ಈಗ ಈ ಕಡಿ ತಿರುಗ್ರಿ’ ಎಂದಳು. ‘ಚಲೋ ಆತು. ಕೈ ಮ್ಯಾಲ! ಮ್ಯಾಲ ಅಂದ್ರ ಮ್ಯಾಲ, ಅಕ್ಕಾರ, ಮಾಳಗಿ ಮ್ಯಾಲಿನವರಿಗಿ ಹಪ್ಪಳದ ಮರಾ ಎತ್ತಿ ಕೊಡೂದಿಲ್ಲೇನು ಮನ್ಯಾಗ? ಹಂಗ! ಒಂದು! ಎರಡು!’

ಜನ ನಕ್ಕರು, ಚಪ್ಪಾಳೆ ಹೊಡೆದರು. ಐದು ನಿಮಿಷದ ಸುತ್ತು ಹದಿನೈದು ನಿಮಿಷವಾಯಿತು, ಏಕೆಂದರೆ ಯಾರಿಗೂ ಅವಳನ್ನು ನಿಲ್ಲಿಸಲು ಆಗಲಿಲ್ಲ. ಕುರ್ಚಿಯಲ್ಲಿದ್ದ ಹೆಂಗಸರೂ ಎದ್ದು ಕೈ ಎತ್ತುತ್ತಿದ್ದರೆಂದು ಈರಣ್ಣ ಹೇಳಿದ. ಶಾಂತವ್ವ ಕಣ್ಣೊರೆಸಿಕೊಳ್ಳುತ್ತ ವರದಿ ಕೊಟ್ಟಳು: ‘ಹಿಡದಾಳ. ಎಲ್ಲಾರನ್ನೂ ಹಿಡದಾಳ.’ ಎತ್ತುವುದರಲ್ಲಿ ಅವಳಿಗೆ ಎರಡನೆಯ ಸ್ಥಾನ ಬಂತು. ಆದರೆ ಸುನಂದಾ ಮೇಡಂ ಗಜೇಂದ್ರಗಡದ ಶಾಖೆಗೆ ಕರೆದದ್ದು ಮೊದಲ ಸ್ಥಾನದವಳನ್ನಲ್ಲ, ಇವಳನ್ನು. ‘ಎತ್ತುವವರು ಸಿಗ್ತಾರ’ ಎಂದರು, ‘ಮಾವನ್ನ ತಿರುಗಿಸುವವರು ಎಲ್ಲಿ ಸಿಗಬೇಕು?’

ಈಗ ಗಿರಿಜಾ ದಿನಾ ಮುಂಜಾನೆ ಎರಡು ಬ್ಯಾಚ್, ಸಂಜೆ ಒಂದು ಬ್ಯಾಚ್ ನಡೆಸುತ್ತಾಳೆ. ಮಗ್ಗದ ಮುಂದೆ ಕೂತು ಬೆನ್ನು ಹಿಡಿದ ಹೆಂಗಸರು, ಅಂಗಡಿಯವರ ಮನೆಯವರು, ಹೊಸ ಮದುವಣಗಿತ್ತಿಯರು, ಎಲ್ಲ ಬರುತ್ತಾರೆ. ಒಬ್ಬಳೇ ಬಸ್ಸು ಹತ್ತಿ ನರಗುಂದಕ್ಕೆ ಮೀಟಿಂಗಿಗೆ ಹೋಗಿ ಬರುತ್ತಾಳೆ. ಮನೆಗೆ ಬಂದಾಗ ಮಾತ್ರ ಸೆರಗು ಮತ್ತೆ ತಲೆಯ ಮೇಲಿರುತ್ತದೆ. ನಾನು ಬೇಡವೆಂದರೆ, ‘ಇರ್ಲಿ ಬಿಡ್ರಿ, ಎಲ್ಲಿ ಹೊದೀಬೇಕು ಎಲ್ಲಿ ಬ್ಯಾಡ ಅನ್ನೂದು ಈಗ ಕೈಗಿ ಗೊತ್ತಾಗೇತ್ರಿ’ ಎನ್ನುತ್ತಾಳೆ. ಇದೆಲ್ಲ ನನ್ನಿಂದ ಆದದ್ದು ಎಂದು ನಾನು ಊರಿಗೆಲ್ಲ ಹೇಳಿದ್ದೇನೆ. ಪ್ರತಿ ಸೊಸೆಯ ಯಶಸ್ಸಿನ ಹಿಂದೆ ಒಬ್ಬ ಮಾವ ಇರುತ್ತಾನೆ ಎಂಬ ಗಾದೆಯನ್ನು ನಾನೇ ಹುಟ್ಟಿಸಿ ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟಿದ್ದೇನೆ. ಇನ್ನೂ ಓಡಾಡುತ್ತಿಲ್ಲ, ಓಡಾಡೀತು. ‘ಬಾಯಿಲ್ಲದಾಕಿಗಿ ಬಾಯಿ ಕೊಟ್ಟವ ನಾ’ ಎಂದು ಒಂದು ಸಂಜೆ ಕಟ್ಟೆಯ ಮೇಲೆ ನಾಲ್ಕು ಮಂದಿಗೆ ಹೇಳುತ್ತಿದ್ದೆ. ಶಾಂತವ್ವ ಅವರೆಲ್ಲ ಹೋಗುವ ತನಕ ಸುಮ್ಮನಿದ್ದಳು.

‘ಬಾಯಿ ಕೊಟ್ಟವರು ನೀವಲ್ಲ’ ಎಂದಳು. ‘ಕಸಗೊಂಡವರು ನೀವು.’

‘ಅಂದ್ರ?’

‘ಆಕಿ ಬಂದ ಮೊದಲನೇ ವಾರ. ಬೀಗರೆಲ್ಲಾ ಕೂತಿದ್ರು. ಮಾವಾರ ಊಟಕ್ಕ ಏಳ್ರಿ ಅಂತ ಕರದ್ಳು. ಕೊಣ್ಣೂರ ಕಡಿಯವರು ಸ್ವಲ್ಪ ರಾಗಾ ಎಳೀತಾರ. ನೀವು ಅದನ್ನ ಹಂಗ ಎಳದು ಬಸ್ಸಿನಾಗ ಊರ ಕೂಗಿದಂಗ ಕೂಗಿ ತೋರಿಸಿದ್ರಿ. ಎಲ್ಲಾರೂ ಬಿದ್ದ ಬಿದ್ದ ನಕ್ರು. ಆಮ್ಯಾಲ ಒಂದ ತಿಂಗಳಾ ಊಟಕ್ಕ ಕೂಡುವಾಗೆಲ್ಲಾ ಅದನ್ನ ಕೂಗಿದ್ರಿ. ಆವತ್ತಿಂದ ಆಕಿ ನಿಮ್ಮ ಮುಂದ ಬಾಯಿ ತಗೀಲಿಲ್ಲ.’

ನನಗೆ ನೆನಪೇ ಇಲ್ಲ. ಎಷ್ಟು ತಡಕಾಡಿದರೂ ಇಲ್ಲ. ಮುಂಬೈ ಬೋರ್ಡು ನೆನಪಿದೆ, ಆ ಮುದುಕಿಯ ಗಂಟಿನ ಬಣ್ಣ ಕೂಡ ನೆನಪಿದೆ. ಇದು ಮಾತ್ರ ಇಲ್ಲ. ಚೇಷ್ಟೆ ಮಾಡಿದವನಿಗೆ ಅದು ಒಂದು ಸಂಜೆಯ ಮಾತು. ಇನ್ನೊಬ್ಬರ ಮನೆಯಲ್ಲಿ ಅದು ಹತ್ತೊಂಬತ್ತು ವರ್ಷ ಇದ್ದು ಹೋಗುತ್ತದೆ ಎಂದು ಯಾರಿಗೆ ಗೊತ್ತು?

ಮರುದಿನ ಗಿರಿಜಾ ಚಹಾ ತಂದಾಗ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ನನ್ನ ಬಾಯಿ ಕೈಕೊಟ್ಟಿತು. ‘ಗಿರಿಜವ್ವಾ, ಅದು... ಆವತ್ತು... ನಾ...’ ಅಂದೆ. ಅವಳು ಚಹಾದ ಕಪ್ಪನ್ನು ನನ್ನ ಕೈಗೆ ಕೊಟ್ಟಳು. ‘ರವಿವಾರ ಮುಂಜಾನಿ ಸಾಲಿ ಮೈದಾನದಾಗ ಹಿರೇರ ಕ್ಲಾಸ್ ಚಾಲೂ ಮಾಡೇನ್ರಿ’ ಎಂದಳು. ‘ನೀವೂ ಬರ್ರಿ. ಮಣಕಾಲು ಹಿಡೀತಾವು ಅಂತೀರಲ್ಲ.’

ಹೋದೆ. ಊರಿನ ಇಪ್ಪತ್ತೈದು ಮುದುಕ ಮುದುಕಿಯರು ಸಾಲಾಗಿ ನಿಂತಿದ್ದರು. ಅವರಲ್ಲಿ ನನ್ನ ಚೇಷ್ಟೆಗೆ ಸಿಗದವರು ಒಬ್ಬರೂ ಇಲ್ಲ. ಗರಡಿಮನೆಯ ಮನುಷ್ಯ ತಾನೇ ನಾನು, ಮುಂದಿನ ಸಾಲಿನಲ್ಲೇ ನಿಂತೆ. ‘ನಿಧಾನಕ್ಕ ಮಣಕಾಲು ಮಡಚಿ, ಕುರ್ಚಿ ಮ್ಯಾಲ ಕುಂತಂಗ ಕೂಡ್ರಿ’ ಎಂದಳು. ಉಳಿದವರು ಅರ್ಧಕ್ಕೆ ನಿಂತರು. ನಾನು ತೋರಿಸಿಕೊಡೋಣವೆಂದು ಪೂರ್ತಿ ಕೂತೆ. ಕೂತವನು ಏಳಲಾಗಲಿಲ್ಲ. ಕೈ ನೆಲಕ್ಕೆ ಊರಿ, ಹಿಂಭಾಗ ಮೇಲೆತ್ತಿ, ಅಂಬೆಗಾಲಿನ ಕೂಸಿನ ಹಾಗೆ ಅಲ್ಲೇ ಉಳಿದೆ. ಹಿಂದಿನ ಸಾಲಿನಲ್ಲಿ ಇಪ್ಪತ್ತೈದು ಜನರ ಹಳೆಯ ಬಾಕಿ ಗಂಟಲಿಗೆ ಬಂದ ಸದ್ದು ಕೇಳಿಸಿತು. ಎಲ್ಲರೂ ಟೀಚರ್ ನಗಲಿ, ಆಮೇಲೆ ನಾವು ನಗೋಣವೆಂದು ಅವಳ ಮುಖ ನೋಡುತ್ತಿದ್ದರು. ನಾನೂ ಅದನ್ನೇ ಕಾಯುತ್ತಿದ್ದೆ. ಅವಳೊಮ್ಮೆ ನಕ್ಕು ನನ್ನ ಹಾಗೆ ಮಾಡಿ ತೋರಿಸಿದರೆ ಲೆಕ್ಕ ಸಮ ಆಗುತ್ತಿತ್ತು. ತಿರುಗಿ ಹೇಳಲು ನನ್ನ ಬಾಯಲ್ಲೂ ಒಂದು ಮಾತು ಸಿದ್ಧವಿತ್ತು, ಭಾರಿ ಮಾತು, ಮೈದಾನವೇ ಉರುಳಬೇಕು ಅಂಥದ್ದು.

ಅವಳು ಬಂದು ನನ್ನ ಪಕ್ಕ ಕೂತಳು. ಮೊಣಕೈ ಹಿಡಿದಳು. ಯಾರಿಗೂ ಕೇಳದ ಹಾಗೆ, ‘ಗಡಬಡಿ ಮಾಡಬ್ಯಾಡ್ರಿ. ಉಸಿರು ಬಿಡ್ರಿ. ಹಾಂ, ಈಗ ಏಳ್ರಿ’ ಎಂದು ಎತ್ತಿ ನಿಲ್ಲಿಸಿದಳು. ಆಮೇಲೆ ಎಲ್ಲರ ಕಡೆ ತಿರುಗಿ ಗಟ್ಟಿಯಾಗಿ, ‘ನೋಡಿದ್ರೆಲ್ಲಾ? ಪೂರ್ತಿ ಕೂತ್ರ ಏಳೂದು ಹ್ಯಾಂಗ ಅಂತ ಮಾವಾರು ತೋರಿಸಿಕೊಟ್ರು. ಎಲ್ಲಾರೂ ಒಮ್ಮಿ ಮಾಡೂಣು’ ಎಂದಳು.

ನಗಲೇ ಇಲ್ಲ ಮಹಾರಾಯ್ತಿ. ಆ ಭಾರಿ ಮಾತು ಇನ್ನೂ ನನ್ನ ಬಾಯಲ್ಲೇ ಇದೆ, ಉಗುಳಲಿಕ್ಕೂ ಆಗುತ್ತಿಲ್ಲ, ನುಂಗಲಿಕ್ಕೂ ಆಗುತ್ತಿಲ್ಲ.